ನ್ಯಾಶ್‌ವಿಲ್‌ನಲ್ಲಿ ಮೂರು ದಿನ: ಕಂಟ್ರಿ ಸಂಗೀತ ಗೊತ್ತಿಲ್ಲದ ಅಪ್ಪ ಅಮ್ಮನಿಗೆ ಏನು ತೋರಿಸಲಿ?

ಅಟ್ಲಾಂಟದ ಅಂಗಳ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಮುಂದಿನ ಶುಕ್ರವಾರ ಹೊರಟು ಭಾನುವಾರದವರೆಗೆ ನ್ಯಾಶ್‌ವಿಲ್‌ನಲ್ಲಿದ್ದು ಸೋಮವಾರ ವಾಪಸಾಗುವ ಯೋಚನೆ. ಇಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಆ ಊರು ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತಕ್ಕೆ ಹೆಸರುವಾಸಿ. ತೊಂದರೆ ಏನೆಂದರೆ, ನಮ್ಮ ಮೂವರಲ್ಲಿ ಯಾರಿಗೂ ಅದರ ಗಂಧಗಾಳಿ ಇಲ್ಲ. ಅಮ್ಮ ಮೂವತ್ತು ವರ್ಷ ಮನೆಯಲ್ಲಿ ವೀಣೆ ಹೇಳಿಕೊಟ್ಟವರು. ಅಪ್ಪನಿಗೆ ಸಂಗೀತಕ್ಕಿಂತ ರೇಡಿಯೊ ಇಷ್ಟ. ಈಗಲೂ ತಲೆದಿಂಬಿನ ಪಕ್ಕದಲ್ಲಿ ಒಂದು ಟ್ರಾನ್ಸಿಸ್ಟರ್ ಇರಬೇಕು. ಜೊತೆಗೆ ಮಂಡಿನೋವು, ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಸಿಡುಕು.

ಅಂತರ್ಜಾಲದ ಪಟ್ಟಿಗಳಲ್ಲಿ ಮೂವತ್ತು ನಲವತ್ತು ಜಾಗಗಳಿವೆ. ಎಲ್ಲವೂ "ನೋಡಲೇಬೇಕಾದವು" ಅಂತೆ. "ಟೋಪಿ ಹಾಕಿಕೊಂಡವರನ್ನು ನೋಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?" ಎಂದು ಅಮ್ಮ ಆಗಲೇ ಕೇಳಿಯಾಗಿದೆ. ಹೋಗಿಬಂದವರು ದಯವಿಟ್ಟು ದಾರಿ ತೋರಿಸಿ.

ಹೋಗಿಬಂದವ · ಸೋಮವಾರ ಬೆಳಿಗ್ಗೆ

ಮೂರು ದಿನ ಧಾರಾಳವಾಯಿತು. ಮೊದಲ ದಿನ ಬ್ರಾಡ್‌ವೇ ಬೀದಿ, ರೈಮನ್ ಸಭಾಂಗಣ, ಜಾನಿ ಕ್ಯಾಶ್ ಸಂಗ್ರಹಾಲಯ, ನದಿಯ ಮೇಲಿನ ಕಾಲ್ಸೇತುವೆ. ಎರಡನೆಯ ದಿನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸಂಗ್ರಹಾಲಯ, ಹಳೆಯ ಧ್ವನಿಮುದ್ರಣ ಕೇಂದ್ರ ಸ್ಟುಡಿಯೊ ಬಿ, ಪಾರ್ಥೆನಾನ್, ರಾತ್ರಿ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಗಾಯನ ಕಾರ್ಯಕ್ರಮ. ಮೂರನೆಯ ದಿನ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ ಅವರ ಹರ್ಮಿಟೇಜ್ ಎಸ್ಟೇಟ್, ಓಪ್ರಿಲ್ಯಾಂಡ್ ಹೋಟೆಲಿನ ಒಳತೋಟ, ಬ್ಲೂಬರ್ಡ್ ಕೆಫೆ. ನಾವು ಇಷ್ಟನ್ನೂ ಎರಡೂವರೆ ದಿನದಲ್ಲಿ ಮುಗಿಸಿದೆವು.

ಕಂಬರ್ಲೆಂಡ್ ದಂಡೆ · ಸೋಮವಾರ ಮಧ್ಯಾಹ್ನ

ಮೇಲಿನವರು ಹೇಳಿದ ಹಾಗೆ ಮಾಡಿದರೆ ನಿಮ್ಮ ತಂದೆಯವರ ಮಂಡಿಯೂ ಮುಗಿಯುತ್ತದೆ. ಕೋಪ ಮಾಡಿಕೊಳ್ಳಬೇಡಿ ಹೋಗಿಬಂದವರೇ, ಹದಿನಾಲ್ಕು ವರ್ಷದಿಂದ ಇದೇ ಊರಿನಲ್ಲಿದ್ದೇನೆ, ನೆಂಟರನ್ನು ಓಡಾಡಿಸಿ ಓಡಾಡಿಸಿ ಕಲಿತ ಪಾಠ ಇದು.

ನನ್ನ ಮಟ್ಟಿಗೆ ಇಲ್ಲಿ ಬಿಡಬಾರದ್ದು ಎರಡೇ: ರೈಮನ್ ಮತ್ತು ಓಪ್ರಿ. ಅವೆರಡೂ ಒಂದೇ ಕಥೆಯ ಎರಡು ತುದಿಗಳು. ಥಾಮಸ್ ರೈಮನ್ ಎಂಬ ಹಡಗಿನ ಮಾಲೀಕ, ಸ್ಯಾಮ್ ಜೋನ್ಸ್ ಎಂಬ ಬೋಧಕನ ಮಾತಿಗೆ ಮನಸೋತು ಅವನಿಗಾಗಿಯೇ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಲು ಹೊರಟ. ಅದು 1892ರಲ್ಲಿ ಎದ್ದು ನಿಂತಿತು. ಇವತ್ತಿಗೂ ಒಳಗೆ ಕುರ್ಚಿಗಳಿಲ್ಲ, ಚರ್ಚಿನ ಉದ್ದನೆಯ ಮರದ ಬೆಂಚುಗಳು. ಧರ್ಮೋಪದೇಶಕ್ಕೆಂದು ಕಟ್ಟಿದ್ದು ಹಾಡಿಗೆ ಒದಗಿಬಂತು, ದನಿ ಅಷ್ಟು ಚೆನ್ನಾಗಿ ಹರಡುತ್ತದೆ. 1943ರಿಂದ 1974ರವರೆಗೆ ಓಪ್ರಿ ಕಾರ್ಯಕ್ರಮ ನಡೆದದ್ದು ಇಲ್ಲಿಯೇ.

ನಿಮ್ಮ ತಂದೆಯವರು ರೇಡಿಯೊ ಪ್ರಿಯರು ಎಂದಿರಲ್ಲ, ಅವರಿಗೆ ಇದನ್ನು ಹೇಳಿ: ಓಪ್ರಿ ಹುಟ್ಟಿದ್ದೇ ರೇಡಿಯೊ ಕಾರ್ಯಕ್ರಮವಾಗಿ. 1925ರ ನವೆಂಬರ್ 28ರಂದು ಒಂದು ವಿಮಾ ಕಂಪನಿಯ ರೇಡಿಯೊ ಕೇಂದ್ರದಲ್ಲಿ 77 ವರ್ಷದ ಮುದುಕರೊಬ್ಬರು ಪಿಟೀಲು ನುಡಿಸಲು ಕುಳಿತರು. ಕೇಂದ್ರದ ಹೆಸರು ಡಬ್ಲ್ಯೂಎಸ್‌ಎಂ, ಆ ಮೂರು ಅಕ್ಷರಗಳು "ವಿ ಶೀಲ್ಡ್ ಮಿಲಿಯನ್ಸ್", ಅಂದರೆ "ನಾವು ಲಕ್ಷಾಂತರ ಜನರನ್ನು ಕಾಯುತ್ತೇವೆ" ಎಂಬ ವಿಮೆಯ ಘೋಷಣೆಯ ಇಂಗ್ಲಿಷ್ ಮೊದಲಕ್ಷರಗಳು. ಅಂದು ಶುರುವಾದ ಶನಿವಾರದ ಕಾರ್ಯಕ್ರಮ ನೂರು ವರ್ಷ ದಾಟಿ ಇನ್ನೂ ನಡೆಯುತ್ತಿದೆ, ಇನ್ನೂ ರೇಡಿಯೊದಲ್ಲಿ ಬರುತ್ತಿದೆ.

ಒಂದು ಎಚ್ಚರಿಕೆ: ಬ್ರಾಡ್‌ವೇಗೆ ಹೋಗಬೇಡಿ. ನಿಯಾನ್ ದೀಪ, ಕಿವಿಗಡಚಿಕ್ಕುವ ಧ್ವನಿವರ್ಧಕ, ಪೆಡಲ್ ತುಳಿಯುತ್ತಾ ಬಿಯರ್ ಕುಡಿಯುವ ಬಂಡಿಗಳು, ಅವುಗಳ ಮೇಲೆ ಕಿರುಚಾಡುವ ಮದುವಣಗಿತ್ತಿಯರ ಗುಂಪುಗಳು. ವೀಣೆ ಕಲಿಸಿದವರನ್ನು ಅಲ್ಲಿಗೆ ಕರೆದೊಯ್ಯುವುದು ಪಾಪ.

ಬಿಸಿಬಿಸಿ ಕಾಫಿ · ಸೋಮವಾರ ಸಂಜೆ

ಪಾಪವೇನೂ ಇಲ್ಲ, ಹೊತ್ತು ನೋಡಿ ಹೋಗಬೇಕು ಅಷ್ಟೇ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೋದವರು ಬೈಯುತ್ತಾರೆ, ಮಧ್ಯಾಹ್ನ ಎರಡಕ್ಕೆ ಹೋದವರು ಹೊಗಳುತ್ತಾರೆ. ಅಲ್ಲಿನ ಬಹುತೇಕ ಕಡೆ ಬೆಳಿಗ್ಗೆಯಿಂದಲೇ ವಾದ್ಯಗೋಷ್ಠಿ ಶುರು, ಹಗಲಿನಲ್ಲಿ ಪ್ರವೇಶಧನವೂ ಇರುವುದಿಲ್ಲ. ನುಡಿಸುವವರು ಮುಖ್ಯವಾಗಿ ಕೇಳುಗರು ಬಕೆಟ್ಟಿಗೆ ಹಾಕುವ ದುಡ್ಡನ್ನೇ ನಂಬಿರುತ್ತಾರೆ. ಆದ್ದರಿಂದ ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ. ಹಳೆಯ ಶೈಲಿಯ ಹಾಡು ಬೇಕೆಂದರೆ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಒಳ್ಳೆಯದು. ಗೋಡೆಯುದ್ದಕ್ಕೂ ಮಾರಾಟದ ಬೂಟುಗಳನ್ನು ಜೋಡಿಸಿಟ್ಟಿರುವುದು ನೋಡಿ ಗಾಬರಿಯಾಗಬೇಡಿ.

ಮಂಡಿನೋವಿನ ವಿಷಯ: ರೈಮನ್‌ನಲ್ಲಿ ಕೆಳಗಿನ ಅಂತಸ್ತಿನಲ್ಲೇ ಆಸನ ತೆಗೆದುಕೊಳ್ಳಿ. ಹಾಲ್ ಆಫ್ ಫೇಮ್ ದೊಡ್ಡದು, ಲಿಫ್ಟ್ ಹಿಡಿದು ಮೇಲಿನಿಂದ ಇಳಿದು ಬನ್ನಿ. ಅದರ ಕಿಟಕಿಗಳು ಪಿಯಾನೊದ ಕಪ್ಪು ಬಿಳಿ ಮನೆಗಳ ಹಾಗಿವೆ, ಹೊರಗಿನಿಂದ ಒಂದು ನಿಮಿಷ ನಿಂತು ನೋಡಿ. ಊಟಕ್ಕೆ ಚಿಂತೆಯಿಲ್ಲ, ಸಸ್ಯಾಹಾರ ಸಿಗುತ್ತದೆ. ಭಾನುವಾರ ಅಮ್ಮನಿಗೆ ದೇವಸ್ಥಾನ ಬೇಕೆನಿಸಿದರೆ ಊರಿನ ಪಶ್ಚಿಮಕ್ಕೆ ಬೆಲ್‌ವ್ಯೂ ಕಡೆ ಗಣೇಶನ ಗುಡಿ ಇದೆ, ಗೋಪುರ ಸಮೇತ.

ಇನ್ನೊಂದು: ಅಟ್ಲಾಂಟಕ್ಕಿಂತ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಹೋಗುವಾಗ ಲಾಭ, ಬರುವಾಗ ನಷ್ಟ.

ಹಳೆಯ ನಕ್ಷೆ · ಮಂಗಳವಾರ ಬೆಳಿಗ್ಗೆ

ಇಷ್ಟೆಲ್ಲ ಬರೆದಿದ್ದೀರಿ, ಒಬ್ಬರಾದರೂ ಫಿಸ್ಕ್ ವಿಶ್ವವಿದ್ಯಾಲಯದ ಹೆಸರೆತ್ತಲಿಲ್ಲವಲ್ಲ! ರೇಡಿಯೊ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಈ ಊರಿನ ಹಾಡನ್ನು ಹೊರದೇಶಗಳಿಗೆ ಒಯ್ದವರು ಅಲ್ಲಿನ ವಿದ್ಯಾರ್ಥಿಗಳು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಓದಿಗೆಂದು 1866ರಲ್ಲಿ ಶುರುವಾದ ಶಾಲೆ ಅದು. ಐದೇ ವರ್ಷದಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕುವ ಸ್ಥಿತಿ ಬಂತು. 1871ರ ಅಕ್ಟೋಬರ್‌ನಲ್ಲಿ ಒಂದು ಚಿಕ್ಕ ಗಾಯನ ತಂಡ ನಿಧಿ ಸಂಗ್ರಹಕ್ಕೆ ಹೊರಟಿತು. ತಂಡದ ಹೆಚ್ಚಿನವರು ಹುಟ್ಟಿನಿಂದ ಗುಲಾಮರು. ಹಾಡಿದ್ದು ತಾಯಂದಿರಿಂದ, ಹೊಲಗಳಿಂದ ಕೇಳಿ ಕಲಿತ ಭಕ್ತಿಗೀತೆಗಳನ್ನು. 1873ರಲ್ಲಿ ರಾಣಿ ವಿಕ್ಟೋರಿಯಾ ಎದುರು ಹಾಡಿದರು. ತಂದ ಹಣದಲ್ಲಿ ಜೂಬಿಲಿ ಹಾಲ್ ಎದ್ದಿತು. ಕೆಂಪಿಟ್ಟಿಗೆಯ ಆ ಕಟ್ಟಡ ಈಗಲೂ ವಿದ್ಯಾರ್ಥಿನಿಲಯ. ಹಾಡಿ ಕಟ್ಟಿದ ಕಟ್ಟಡ ಎಂದರೆ ನನಗೆ ಅದೇ. "ಸಂಗೀತದ ಊರು" ಎಂಬ ಬಿರುದು ಕೂಡ ಆ ರಾಣಿಯ ಬಾಯಿಂದಲೇ ಬಂದದ್ದು.

ಕಂಬರ್ಲೆಂಡ್ ದಂಡೆ · ಮಂಗಳವಾರ ಮಧ್ಯಾಹ್ನ

ಫಿಸ್ಕ್ ಬಿಟ್ಟದ್ದು ನನ್ನ ತಪ್ಪು, ಒಪ್ಪಿಕೊಂಡೆ. ರಾಣಿಯ ಮಾತನ್ನು ಮಾತ್ರ ಒಪ್ಪುವುದಿಲ್ಲ. ಅದು ಪ್ರವಾಸೋದ್ಯಮದವರು ಪ್ರೀತಿಯಿಂದ ಸಾಕಿದ ಕಥೆ. 1950ರಲ್ಲಿ ಡಬ್ಲ್ಯೂಎಸ್‌ಎಂ ನಿರೂಪಕ ಡೇವಿಡ್ ಕಾಬ್ ನೇರಪ್ರಸಾರದಲ್ಲಿ ಆಡಿದ ಮಾತು ಅಂಟಿಕೊಂಡಿತು ಎಂಬುದು ಹೆಚ್ಚು ನಂಬುವಂಥದ್ದು. ರಾಣಿಗಿಂತ ರೇಡಿಯೊ ನಿರೂಪಕನೇ ಈ ಊರಿಗೆ ಹೊಂದುತ್ತಾನೆ ಬಿಡಿ.

ಹಳೆಯ ನಕ್ಷೆ · ಮಂಗಳವಾರ ಸಂಜೆ

ಸರಿ, ರಾಣಿಯನ್ನು ಬಿಟ್ಟುಕೊಟ್ಟೆ. ಓಪ್ರಿಯ ಕಥೆಯಲ್ಲಿ ನೀವು ಬಿಟ್ಟ ಇನ್ನೊಬ್ಬರನ್ನು ಸೇರಿಸುತ್ತೇನೆ. ಓಪ್ರಿಯ ಮೊದಲ ವರ್ಷಗಳ ಬಲು ಜನಪ್ರಿಯ ಕಲಾವಿದರಲ್ಲೊಬ್ಬರು ಡೀಫೋರ್ಡ್ ಬೇಲಿ, ಮೌತ್ ಆರ್ಗನ್‌ನಲ್ಲಿ ರೈಲಿನ ಸದ್ದು ತೆಗೆಯುತ್ತಿದ್ದ ಕಪ್ಪು ಕಲಾವಿದ. ಹಾಗೆಯೇ ಜೆಫರ್ಸನ್ ಬೀದಿ. 1960ರ ದಶಕದ ಆರಂಭದಲ್ಲಿ, ಸೇನೆಯಿಂದ ಬಿಡುಗಡೆಯಾದ, ಮುಂದೆ ಗಿಟಾರಿನಿಂದ ಜಗತ್ಪ್ರಸಿದ್ಧನಾದ ಜಿಮಿ ಹೆಂಡ್ರಿಕ್ಸ್ ಎಂಬ ತರುಣ ತನ್ನ ಗೆಳೆಯ ಬಿಲ್ಲಿ ಕಾಕ್ಸ್ ಜೊತೆ ನುಡಿಸುತ್ತಿದ್ದದ್ದು ಅಲ್ಲಿನ ಕ್ಲಬ್ಬುಗಳಲ್ಲಿ. ಅದೇ ದಶಕದ ಕೊನೆಗೆ ನಲವತ್ತನೇ ಸಂಖ್ಯೆಯ ಅಂತರರಾಜ್ಯ ಹೆದ್ದಾರಿ ಆ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಮನೆ, ಅಂಗಡಿ, ಕ್ಲಬ್ಬು ಎಲ್ಲವೂ ಹೋದವು. ಕಾರಿನಲ್ಲಿ ಹೋಗುವಾಗ ಹೆದ್ದಾರಿಯನ್ನೇ ನೋಡಿ, ಅದೂ ಒಂದು ಸ್ಮಾರಕ.

ಒಳಗೆ ಕುಳಿತು ತಿಳಿಯಬೇಕೆಂದರೆ ರೈಮನ್ ಎದುರಿಗೇ 2021ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ಸಂಗ್ರಹಾಲಯವಿದೆ. ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ನೀವು ಅಲ್ಲಿ ಹಾಡಿದ್ದು, ನುಡಿಸಿದ್ದು ಅದರಲ್ಲಿ ದಾಖಲಾಗುತ್ತದೆ, ಮನೆಗೆ ಹೋಗಿ ಕೇಳಬಹುದು.

ಮೂರನೆಯ ಕಾಲ · ಮಂಗಳವಾರ ರಾತ್ರಿ

ನನ್ನದು ಒಂದೇ ಸಲಹೆ, ಬ್ಲೂಬರ್ಡ್ ಕೆಫೆ. ಸಾಲು ಅಂಗಡಿಗಳ ನಡುವೆ ಇರುವ ತೊಂಬತ್ತು ಆಸನಗಳ ಕೋಣೆ. ಎದುರಿನಿಂದ ಹಾದುಹೋದರೂ ಗುರುತು ಸಿಗುವುದಿಲ್ಲ. 1982ರಿಂದ ಇದೆ. ಇಲ್ಲಿ ತಾರೆಯರಿಗಿಂತ ಅವರಿಗೆ ಹಾಡು ಬರೆದುಕೊಟ್ಟವರಿಗೆ ಮಣೆ. ನಾಲ್ವರು ಕೋಣೆಯ ನಡುವೆ ಮುಖಾಮುಖಿ ಕುಳಿತು ಸರದಿಯಂತೆ ತಾವು ಬರೆದದ್ದನ್ನು ಹಾಡುತ್ತಾರೆ. ಕೇಳುಗರು ಪಿಸುಗುಟ್ಟಿದರೂ "ಶ್" ಎನ್ನುತ್ತಾರೆ. ಕುಡಿಯುವ ಊರಿನಲ್ಲಿ ಅಷ್ಟು ಮೌನ ಕಾಪಾಡಿಕೊಂಡಿರುವುದೇ ದೊಡ್ಡದು. ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗದ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವವರನ್ನು ಒಮ್ಮೆ ಅಲ್ಲಿ ಕೂರಿಸಬೇಕು.

ಟಿಕೆಟ್ ಮಾತ್ರ ತೆರೆದ ಕೆಲವೇ ನಿಮಿಷಗಳಲ್ಲಿ ಖಾಲಿ. ನಿಮಗೆ ಈಗ ಸಿಗುವುದು ಅನುಮಾನ. ಸಿಗದಿದ್ದರೆ ಭಾನುವಾರ ಸಂಜೆ ಸ್ಟೇಷನ್ ಇನ್‌ಗೆ ಹೋಗಿ. ಸುತ್ತ ಎದ್ದಿರುವ ಗಾಜಿನ ಗೋಪುರಗಳ ನಡುವೆ ತಗ್ಗಿ ಕುಳಿತ ಹಳೆಯ ಕಟ್ಟಡ, ಬ್ಯಾಂಜೊ, ಪಿಟೀಲುಗಳ ಬ್ಲೂಗ್ರಾಸ್ ಸಂಗೀತದ ಮನೆ. ಭಾನುವಾರ ಯಾರು ಬೇಕಾದರೂ ವಾದ್ಯ ತಂದು ಸುತ್ತ ಕುಳಿತು ನುಡಿಸುತ್ತಾರೆ.

ಅಟ್ಲಾಂಟದ ಅಂಗಳ · ಬುಧವಾರ ಬೆಳಿಗ್ಗೆ

ಎಲ್ಲರಿಗೂ ಧನ್ಯವಾದ. ಬ್ಲೂಬರ್ಡ್ ಸಿಗಲಿಲ್ಲ. ಶನಿವಾರ ರಾತ್ರಿಯ ಓಪ್ರಿಗೆ ಮೂರು ಟಿಕೆಟ್ ಸಿಕ್ಕಿದೆ. ಪಾರ್ಥೆನಾನ್ ಎಂದರೆ ಗ್ರೀಸ್‌ನಲ್ಲಿರುವುದಲ್ಲವೇ, ಅದು ಇಲ್ಲಿ ಹೇಗೆ ಬಂತು ಎಂದು ಅಪ್ಪ ಕೇಳುತ್ತಿದ್ದಾರೆ.

ಹೋಗಿಬಂದವ · ಬುಧವಾರ ಬೆಳಿಗ್ಗೆ

1897ರ ವಸ್ತುಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಕಟ್ಟಿದ ಪಡಿಯಚ್ಚು. ಜನರಿಗೆ ಕೆಡವಲು ಮನಸ್ಸು ಬರಲಿಲ್ಲ, 1920ರ ದಶಕದಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಮೂಲದಷ್ಟೇ ಅಳತೆ. ಒಳಗೆ 42 ಅಡಿ ಎತ್ತರದ ಅಥೀನಾ ದೇವಿಯ ವಿಗ್ರಹ, ಉಡುಗೆಗೆ ಚಿನ್ನದ ಲೇಪ. ಸಂಗೀತಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ನನ್ನ ಪಟ್ಟಿಯಲ್ಲಿ ಮಕ್ಕಳು ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಅಟ್ಲಾಂಟದ ಅಂಗಳ · ಮುಂದಿನ ವಾರ, ಬುಧವಾರ

ಬಂದೆವು. ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಸಣ್ಣಪುಟ್ಟದ್ದು ಮುಗಿಸುತ್ತೇನೆ. ಪೇಟೆಯ ನಡುವಿನ ಒಂದು ಪಾರ್ಕಿಂಗ್ ಜಾಗದಲ್ಲಿ ಎರಡು ಗಂಟೆ ಕಾರು ನಿಲ್ಲಿಸಿದ್ದಕ್ಕೆ ತೆತ್ತ ದುಡ್ಡು ನೋಡಿ ಅಪ್ಪ ಅರ್ಧ ದಿನ ಮಾತಾಡಲಿಲ್ಲ. ಪಾರ್ಥೆನಾನ್ ಹೊರಗಿನಿಂದ ಮಾತ್ರ. ಹರ್ಮಿಟೇಜ್ ಬಿಟ್ಟೆವು. ಹಾಲ್ ಆಫ್ ಫೇಮ್‌ನಲ್ಲಿ ಎಲ್ವಿಸ್ ಪ್ರೀಸ್ಲಿಯ ಚಿನ್ನದ ಬಣ್ಣದ ಕ್ಯಾಡಿಲಾಕ್ ಕಾರನ್ನು ಸುತ್ತಿ ಸುತ್ತಿ ನೋಡಿದ ಅಪ್ಪ, ಉಳಿದದ್ದಕ್ಕೆ ಬೆಂಚು ಹುಡುಕಿದರು.

ಅಲ್ಲಿಂದಲೇ ಬಸ್ಸಿನಲ್ಲಿ ಸ್ಟುಡಿಯೊ ಬಿಗೆ ಕರೆದೊಯ್ಯುತ್ತಾರೆ. 1957ರ ಆ ಕಟ್ಟಡ ಹೊರಗಿನಿಂದ ಗೋದಾಮಿನ ಹಾಗಿದೆ. ಎಲ್ವಿಸ್ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದ್ದು ಅಲ್ಲಿಯೇ. ನೆಲದ ಮೇಲೆ ನೀಲಿ ಗುಣಾಕಾರದ ಒಂದು ಗುರುತಿದೆ, ದನಿ ಚೆನ್ನಾಗಿ ಬರುತ್ತಿದ್ದ ಜಾಗ. ವಿವರಣೆ ಕೊಡುತ್ತಿದ್ದವರು ದೀಪ ಆರಿಸಿ ಅವನ ಒಂದು ಹಾಡು ಹಾಕಿದರು. ಅವನು ಅದನ್ನು ಹಾಡಿದ್ದೂ ಕತ್ತಲಲ್ಲಿಯೇ ಅಂತೆ. ಅಮ್ಮ ಕತ್ತಲಲ್ಲಿ ನನ್ನ ಕೈ ಹಿಡಿದು, "ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ" ಎಂದರು.

ಓಪ್ರಿ ಅಪ್ಪನ ಪಾಲಿಗೆ ಹಬ್ಬ. ಎರಡು ಗಂಟೆಯಲ್ಲಿ ಸುಮಾರು ಎಂಟು ಕಲಾವಿದರು, ಒಬ್ಬೊಬ್ಬರಿಗೆ ಎರಡು ಮೂರು ಹಾಡು, ಬೇಸರವಾಗುವಷ್ಟರಲ್ಲಿ ಮತ್ತೊಬ್ಬರು. ವೇದಿಕೆಯ ಒಂದು ಪಕ್ಕದಲ್ಲಿ ನಿರೂಪಕರೊಬ್ಬರು ನಿಂತು ಹಾಡುಗಳ ನಡುವೆ ಜಾಹೀರಾತು ಓದುತ್ತಾರೆ, ಅಲ್ಲೇ, ನಮ್ಮ ಕಣ್ಣೆದುರಿಗೇ. ಅಪ್ಪ ಹಾಡುವವರನ್ನು ಬಿಟ್ಟು ಆ ಮನುಷ್ಯನನ್ನೇ ನೋಡುತ್ತಿದ್ದರು. "ಕಾಗದ ತಿರುವುವ ಸದ್ದು ಮೈಕಿಗೆ ಹೋಗದ ಹಾಗೆ ಹೇಗೆ ಹಿಡಿದಿದ್ದಾನೆ ನೋಡು" ಎಂದು ನನಗೆ ಮೊಣಕೈಯಲ್ಲಿ ತಿವಿದರು. ಮುಗಿದ ಮೇಲೆ ವೇದಿಕೆಯ ಹಿಂಭಾಗ ತೋರಿಸುವ ಸುತ್ತಾಟಕ್ಕೆ ಹೋದೆವು. ವೇದಿಕೆಯ ನಡುವೆ ಆರಡಿ ಅಗಲದ ವೃತ್ತಾಕಾರದ ಹಲಗೆ ಬೇರೆ ಬಣ್ಣದಲ್ಲಿದೆ. 1974ರಲ್ಲಿ ಹೊಸ ಕಟ್ಟಡಕ್ಕೆ ಬರುವಾಗ ರೈಮನ್‌ನ ವೇದಿಕೆಯಿಂದ ಕತ್ತರಿಸಿ ತಂದ ಓಕ್ ಮರ. 2010ರ ಪ್ರವಾಹದಲ್ಲಿ ವೇದಿಕೆಯ ಮೇಲೆಯೇ ಸುಮಾರು ನಾಲ್ಕು ಅಡಿ ನೀರು ನಿಂತಿತ್ತಂತೆ, ಇಳಿದ ಮೇಲೆ ಈ ಹಲಗೆಗಳನ್ನು ಉಳಿಸಿ ಒಪ್ಪಮಾಡಿ ಮತ್ತೆ ಕೂರಿಸಿದ್ದಾರೆ. ನೂರಾರು ಬೂಟುಗಳ ಗೀರು ಕಾಣುತ್ತದೆ. ಅಮ್ಮ ಮೆಟ್ಟಲು ಒಪ್ಪಲಿಲ್ಲ. ಬಗ್ಗಿ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿದ್ದ ಟೆನೆಸ್ಸಿಯ ಅಜ್ಜಿಯೊಬ್ಬರು ಏನೂ ಕೇಳದೆ ತಾವೂ ಹಾಗೆಯೇ ಮಾಡಿದರು.

ಕಂಬರ್ಲೆಂಡ್ ದಂಡೆಯವರು ಈಗ ಬೈಯಬಹುದು. ಇಷ್ಟೆಲ್ಲ ನೋಡಿದರೂ ಅಮ್ಮನನ್ನು ಹಿಡಿದದ್ದು ಬ್ರಾಡ್‌ವೇ.

ಶುಕ್ರವಾರ ಮಧ್ಯಾಹ್ನ ಊರು ತಲುಪಿದೊಡನೆ, ಕಾಫಿಯವರ ಮಾತು ಕೇಳಿ, ಬೂಟುಗಳ ಗೋಡೆಯ ಆ ಜಾಗಕ್ಕೆ ಹೊಕ್ಕೆವು. ಹತ್ತು ಹನ್ನೆರಡು ಜನ ಇದ್ದರು. ಅಮ್ಮ ಸೆರಗು ಹೊದ್ದು ಮೂಲೆಯ ಕುರ್ಚಿಯಲ್ಲಿ ಕುಳಿತರು, ಹತ್ತು ನಿಮಿಷದ ನಂತರ ಹೊರಡೋಣ ಎನ್ನುವ ಮುಖದಲ್ಲಿ. ಹಾಡುವವನ ಪಕ್ಕದಲ್ಲಿ ಒಬ್ಬ ವಯಸ್ಸಾದವರು ಮೇಜಿನಂಥ ಏನನ್ನೋ ಎದುರಿಗಿಟ್ಟುಕೊಂಡು ಕುಳಿತಿದ್ದರು. ಅದರ ಮೇಲೆ ತಂತಿಗಳು, ಎಡಗೈಯಲ್ಲಿ ಉಕ್ಕಿನ ಗುಂಡುಕೋಲು, ಬಲಗೈ ಬೆರಳುಗಳಿಗೆ ಮೀಟುವ ಉಗುರು. ಮೊದಲ ಎಳೆತಕ್ಕೇ ಅಮ್ಮ ನೆಟ್ಟಗಾದರು. "ಗೋಟುವಾದ್ಯ!" ಎಂದರು. ಕೋಲು ಜಾರಿಸಿ ಸ್ವರದಿಂದ ಸ್ವರಕ್ಕೆ ಹೋಗುವ ಪರಿ ಅದೇ. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದರು. ಎಡಗಾಲು ಪೆಡಲುಗಳ ಮೇಲೆ ಓಡಾಡುತ್ತಿತ್ತು, ಮಂಡಿಗಳು ಅಕ್ಕಪಕ್ಕದ ಸನ್ನೆಕೋಲುಗಳನ್ನು ತಳ್ಳುತ್ತಿದ್ದವು. ಪೆಡಲ್ ಒತ್ತಿದಾಗ ಒಂದೆರಡು ತಂತಿ ಮಾತ್ರ ಬಿಗಿದು ಸ್ವರ ಮೇಲೇರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. "ನಾವು ಬೆರಳಲ್ಲಿ ತಂತಿ ಎಳೆದು ತರುವ ಗಮಕವನ್ನು ಈತ ಕಾಲಲ್ಲಿ ತುಳಿದು ತರುತ್ತಿದ್ದಾನಲ್ಲೇ!"

ನಾವು ಎದ್ದದ್ದು ಎರಡೂವರೆ ಗಂಟೆಯ ಮೇಲೆ. ವಿರಾಮದಲ್ಲಿ ಬಕೆಟ್ ಬಂದಾಗ ಅಮ್ಮ ತಾವೇ ಎದ್ದು ಹೋಗಿ ದುಡ್ಡು ಹಾಕಿದರು. ನಾನು ದುಭಾಷಿ. ಆ ಹಿರಿಯರು ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್ ಎಂದರು, ಪೆಡಲುಗಳನ್ನು ಒಂದೊಂದಾಗಿ ಒತ್ತಿ ತೋರಿಸಿದರು, ಕೋಲನ್ನು ಅಮ್ಮನ ಕೈಗೆ ಕೊಟ್ಟರು. ನೋಡಿದ್ದಕ್ಕಿಂತ ಭಾರವಾಗಿತ್ತು. ಅಮ್ಮ ಅರ್ಧ ಹಾಡುಗಳೆಲ್ಲ ಮೋಹನ ರಾಗದ ಹಾಗಿವೆ ಎಂದು ಹೇಳು ಎಂದರು. ಮೋಹನ ಎಂದರೇನು ಎಂದು ಅವರು ಕೇಳಿದರು. ಅಮ್ಮ ಸ ರಿ ಗ ಪ ದ ಸ ಎಂದು ಮೆಲ್ಲಗೆ ಹಾಡಿದರು. ಅವರು ಕೇಳಿದಷ್ಟನ್ನೂ ಕೋಲಿನಲ್ಲಿ ಜಾರಿಸಿ ತಿರುಗಿ ಕೊಟ್ಟರು. ಗಾಂಧಾರ ಸ್ವಲ್ಪ ತೂಗಿತ್ತು, ಬೇಕೆಂದೇ ಇರಬೇಕು.

ಭಾನುವಾರ ಬೆಳಿಗ್ಗೆ ಫಿಸ್ಕ್. ಜೂಬಿಲಿ ಹಾಲ್ ಎದುರು ಮರದ ನೆರಳಲ್ಲಿ ಕುಳಿತು ನಿಮ್ಮ ಬರಹವನ್ನೇ ಅಮ್ಮನಿಗೆ ಓದಿ ಹೇಳಿದೆ, ಹಳೆಯ ನಕ್ಷೆಯವರೇ. ಸಂಜೆ ಸ್ಟೇಷನ್ ಇನ್. ಅಲ್ಲಿಯೂ ಒಬ್ಬ ಹುಡುಗಿ ತೊಡೆಯ ಮೇಲೆ ಗಿಟಾರ್ ಮಲಗಿಸಿಕೊಂಡು ಕೋಲು ಜಾರಿಸುತ್ತಿದ್ದಳು. "ಇದಕ್ಕೆ ಕಾಲಿಲ್ಲ" ಎಂದು ಅಮ್ಮ ತಿಳಿದವರ ಹಾಗೆ ಅಪ್ಪನಿಗೆ ವಿವರಿಸಿದರು.

ಕಂಬರ್ಲೆಂಡ್ ದಂಡೆ · ಬುಧವಾರ ಸಂಜೆ

ಬೈಯುವುದಿಲ್ಲ. ನಾನು ಆ ಬೀದಿಗೆ ಹಗಲಲ್ಲಿ ಹೋಗಿ ಆರೇಳು ವರ್ಷವಾಗಿರಬೇಕು, ಈ ಶುಕ್ರವಾರ ಹೋಗುತ್ತೇನೆ. ತಂದೆಯವರಿಗೆ ಡಬ್ಲ್ಯೂಎಸ್‌ಎಂನ ಪ್ರಸಾರ ಗೋಪುರ ತೋರಿಸಿದಿರಾ? ಊರಿನ ದಕ್ಷಿಣಕ್ಕೆ ಬ್ರೆಂಟ್‌ವುಡ್ ಬಳಿ ಹೆದ್ದಾರಿಯಿಂದಲೇ ಕಾಣುತ್ತದೆ. 1932ರದ್ದು, ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ ವಜ್ರದಾಕಾರ. ಹೇಳುವುದನ್ನು ಮರೆತೆ.

ಅಟ್ಲಾಂಟದ ಅಂಗಳ · ಬುಧವಾರ ರಾತ್ರಿ

ಅಯ್ಯೋ, ಗೋಪುರ ತಪ್ಪಿತು! ಅಪ್ಪನಿಗೆ ಈಗಲೇ ಹೇಳುವುದಿಲ್ಲ, ಮತ್ತೆ ಹೊರಡೋಣ ಎನ್ನುತ್ತಾರೆ. ಸೋಮವಾರ ವಾಪಸು ಬರುವಾಗ ಕಾರಿನ ರೇಡಿಯೊದಲ್ಲಿ ಡಬ್ಲ್ಯೂಎಸ್‌ಎಂನ 650 ಹಿಡಿದು ಕೂತವರು ಅರ್ಧ ದಾರಿಯ ಚಟ್ಟನೂಗ ಊರು ದಾಟುವವರೆಗೂ ನಮ್ಮನ್ನು ಮಾತಾಡಲು ಬಿಡಲಿಲ್ಲ. ಕೊನೆಕೊನೆಗೆ ಬರೀ ಕರಕರ, ಆದರೂ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ.

ಒಂದು ಪ್ರಶ್ನೆ. ಆ ಉಕ್ಕಿನ ಕೋಲು ಬಿಡಿಯಾಗಿ ಎಲ್ಲಿ ಸಿಗುತ್ತದೆ? ನನ್ನ ಮಗಳ ಹಳೆಯ ಗಿಟಾರನ್ನು ಅಮ್ಮ ಎರಡು ದಿನದಿಂದ ತೊಡೆಯ ಮೇಲೆ ಮಲಗಿಸಿಕೊಂಡು ಸ್ಟೀಲ್ ಲೋಟದಿಂದ ತಂತಿ ಸವರುತ್ತಿದ್ದಾರೆ. ತಂತಿ ತಗ್ಗಾಗಿದ್ದು ಲೋಟ ಗಿಟಾರಿನ ಮೆಟ್ಟಿಲಿಗೆ (ಫ್ರೆಟ್) ತಗುಲಿ ಟಣ್ ಎನ್ನುತ್ತದೆ.

ಮೂರನೆಯ ಕಾಲ · ಬುಧವಾರ ರಾತ್ರಿ

ಗಿಟಾರ್ ಮಾರುವ ಯಾವುದೇ ದೊಡ್ಡ ಅಂಗಡಿಯಲ್ಲಿ "ಸ್ಟೀಲ್ ಬಾರ್" ಎಂದು ಕೇಳಿ, ಕೊಡುತ್ತಾರೆ. ಜೊತೆಗೆ ತಂತಿಗಳನ್ನು ಎತ್ತರಿಸುವ ಸಣ್ಣ ಲೋಹದ ಪಟ್ಟಿಯೂ ಸಿಗುತ್ತದೆ, ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಅಡ್ಡಪಟ್ಟಿಯ (ನಟ್) ಮೇಲೆ ಕೂರಿಸಿದರೆ ಟಣ್ ನಿಲ್ಲುತ್ತದೆ. ಅದು ಬರುವವರೆಗೆ ಲೋಟದ ಬದಲು ದಪ್ಪ ಗಾಜಿನ ಸೀಸೆ ಕೊಡಿ, ಅಂಚು ಕುಯ್ಯುವುದಿಲ್ಲ.